ಮಾಯಿಯ ಪಾರ್ಟು

ಪಾದ್ರಿಯ ಮಗ ಕ್ಯಾಲ್ವಿನ್ ಮೊದಮೊದಲು ಸೂಜಿ ಚುಚ್ಚುತ್ತಿದ್ದದ್ದು ಚಿಟ್ಟೆಗಳಿಗೆ. ಮಾಯಿಯ ಪಾಳಿ ಬಂದದ್ದು ಆಮೇಲೆ.

ಎಪ್ಪತ್ಮೂರನೆಯ ಇಸವಿಯ ಮಾತು. ಬೆಳಗಾವಿಯ ಕ್ಯಾಂಪ್ ಅನ್ನುವ ದಂಡಿನ ಬಡಾವಣೆಯಲ್ಲೊಂದು ಹಂಚಿನ ಬಂಗಲೆ. ಅದರಲ್ಲಿ ಅಮೆರಿಕದಿಂದ ಬಂದ ಹ್ಯಾಡ್ಲಿ ಪಾದ್ರಿಗಳು, ಅವರ ಹೆಂಡತಿ, ಹನ್ನೊಂದು ವರ್ಷದ ಮಗ ಕ್ಯಾಲ್ವಿನ್, ಎಂಟು ವರ್ಷದ ಮಗಳು ರೂತ್. ಇಂಥವರ ಮಕ್ಕಳು ಎಲ್ಲೋ ದೂರದ ಬೆಟ್ಟದ ಮೇಲಿನ ಇಂಗ್ಲಿಷ್ ಶಾಲೆಯಲ್ಲಿದ್ದು ಓದುವುದು ರೂಢಿ. ಆದರೆ ಆ ಬೇಸಿಗೆಯಲ್ಲಿ ಕ್ಯಾಲ್ವಿನ್ ಕಾಮಾಲೆಯಾಗಿ ಹಾಸಿಗೆ ಹಿಡಿದು ಎದ್ದಿದ್ದ. ಬರುವ ವರ್ಷ ಹೇಗೂ ಇಡೀ ಸಂಸಾರ ಸ್ವದೇಶಕ್ಕೆ ಹೊರಡುವುದಿತ್ತು. ಒಂದು ವರ್ಷದ ಸಲುವಾಗಿ ಅಷ್ಟು ದೂರ ಯಾಕೆ, ಮನೆಯಲ್ಲೇ ಕಲಿಸುತ್ತೇನೆ ಅಂದರು ತಾಯಿ. ಆಳುಕಾಳುಗಳೆಲ್ಲ ಆಕೆಯನ್ನು ಬಾಯಿಸಾಹೇಬರು ಅನ್ನುತ್ತಿದ್ದರು. ಹಡಗಿನಲ್ಲಿ ಪುಸ್ತಕದ ಪೆಟ್ಟಿಗೆಗಳು ಬಂದವು. ವರಾಂಡದಲ್ಲಿ ಮೇಜು ಬಿತ್ತು, ಗೋಡೆಗೆ ಭೂಪಟ ಏರಿತು, ಊಟಕ್ಕೆ ಬಾರಿಸುವ ಗಂಟೆಯೇ ಶಾಲೆಯ ಗಂಟೆಯಾಯಿತು.

ಎಲ್ಲ ಬಂತು, ರೂತ್ ಮಾತ್ರ ಕೂರಲೊಲ್ಲಳು. ಜೊತೆಗೆ ಇನ್ನೊಬ್ಬ ಹುಡುಗಿ ಬೇಕೆಂದು ನೆಲಕ್ಕೆ ಬಿದ್ದು ಹೊರಳಿದಳು. ಆಗ ಬಾಯಿಸಾಹೇಬರ ಕಣ್ಣಿಗೆ ಬಿದ್ದವಳು ಅಡುಗೆಮನೆಯ ನಿಂಗವ್ವನ ಮಗಳು ಮಾಯಕ್ಕ. ಅವಳಿಗೂ ಎಂಟು ವರ್ಷ. ಎಲ್ಲರ ಬಾಯಲ್ಲಿ ಮಾಯಿ.

ನಿಂಗವ್ವ ನಂದಗಡದ ಕಡೆಯ ಕುರುಬರ ಹೆಣ್ಣು. ಗಂಡ ಕುರಿ ಮೇಯಿಸಲು ಹೋದಲ್ಲಿ ಹಾವು ಕಚ್ಚಿ ಸತ್ತ ಮೇಲೆ ಕೂಸನ್ನು ಸೊಂಟಕ್ಕೇರಿಸಿಕೊಂಡು ಬೆಳಗಾವಿಗೆ ಬಂದು, ಬಂಗಲೆಯ ಹಿತ್ತಲಿನ ಒಂದು ಕೋಣೆಯಲ್ಲಿ ಬಿದ್ದುಕೊಂಡಿದ್ದಳು. ಅವಳಿಗಿದ್ದದ್ದು ಒಂದೇ ಆಸೆ. ಕ್ಯಾಂಪಿನ ಆಚೆ ಹುಡುಗಿಯರದೊಂದು ಬೋರ್ಡಿಂಗ್ ಶಾಲೆ ಇತ್ತು. ನೀಲಿ ಲಂಗ, ಬಿಳಿ ರಿಬ್ಬನ್ನು, ಎರಡು ಜಡೆ ಹಾಕಿಕೊಂಡು ಆ ಹುಡುಗಿಯರು ಸಾಲಾಗಿ ರಸ್ತೆಯಲ್ಲಿ ಹೋಗುವಾಗ ನಿಂಗವ್ವ ಕಾಯಿಪಲ್ಲೆಯ ಚೀಲ ಕೆಳಗಿಟ್ಟು ನೋಡುತ್ತ ನಿಲ್ಲುತ್ತಿದ್ದಳು. ಅಲ್ಲಿ ಕಲಿತವರು ನರ್ಸಾಗುತ್ತಾರೆ, ಮಾಸ್ತರಣಿ ಆಗುತ್ತಾರೆ, ಯಾರ ಮನೆಯ ಮುಸುರೆಯನ್ನೂ ತಿಕ್ಕುವುದಿಲ್ಲ. ಆ ಸಾಲಿನಲ್ಲಿ ತನ್ನ ಮಾಯಿ ಇರಬೇಕು. ಇಷ್ಟೇ.

ಬಾಯಿಸಾಹೇಬರು ಮುನ್ಶಿಯ ಹತ್ತಿರ ಕಲಿತ ಪುಸ್ತಕದ ಕನ್ನಡದಲ್ಲಿ ಹೇಳಿದರು: "ನಿಂಗವ್ವ, ನಿನ್ನ ಮಗಳು ಒಂದು ವರ್ಷ ನಮ್ಮ ಮಕ್ಕಳ ಸಂಗಡ ಕುಳಿತುಕೊಳ್ಳಲಿ. ನಾವು ಹೋಗುವ ಮುಂಚೆ ನಾನೇ ಆಕೆಯನ್ನು ಬೋರ್ಡಿಂಗಿಗೆ ಸೇರಿಸುವೆನು."

ನಿಂಗವ್ವ ಮರುದಿನವೇ ಮಗಳನ್ನು ಅನಗೋಳದ ಕನ್ನಡ ಶಾಲೆಯಿಂದ ಬಿಡಿಸಿದಳು. ಮನೆಗೇ ಶಾಲೆ ಬಂದಿರುವಾಗ ಅನಗೋಳದ ತನಕ ಕಾಲು ಸವೆಸುವ ಹುಚ್ಚು ಯಾರಿಗಿದೆ!

ಮಳೆಗಾಲ ಕಳೆಯುವ ಹೊತ್ತಿಗೆ ಕ್ಯಾಲ್ವಿನ್‌ಗೆ ಕೀಟ ಹಿಡಿಯುವ ಪಾಠ ಬಂತು. ಬಲೆ ಹಿಡಿದು ಹಿತ್ತಲೆಲ್ಲ ಓಡಿ ಚಿಟ್ಟೆ ಹಿಡಿದು ತಂದು, ಉದ್ದನೆಯ ಸೂಜಿಯಿಂದ ಪೆಟ್ಟಿಗೆಯೊಳಗೆ ಚುಚ್ಚಿ ನಿಲ್ಲಿಸುತ್ತಿದ್ದ. ಅವನು ಹುಟ್ಟಿದ್ದೇ ಬೆಳಗಾವಿಯಲ್ಲಿ, ಬೆಳೆದದ್ದು ಆಳುಗಳ ತೊಡೆಯ ಮೇಲೆ. ಕನ್ನಡ ಆಡಿದರೆ ಕಣ್ಣು ಮುಚ್ಚಿ ಕೇಳಿದವರು ಇವನು ಯಾರೋ ನಂದಗಡದ ಪೋರ ಅನ್ನಬೇಕು.

ಒಂದು ಮಧ್ಯಾಹ್ನ ನಿಂಗವ್ವ ಹಾಲಿನ ಲೋಟ ಹಿಡಿದು ವರಾಂಡಕ್ಕೆ ಬಂದಾಗ ಮಾಯಿ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ತುಟಿ ಒಳಗೆ ಕಚ್ಚಿದ್ದಳು. ಮೇಜಿನ ಕೆಳಗಿಂದ ಕ್ಯಾಲ್ವಿನ್ ಅವಳ ಮುಂಗೈಗೆ ಚಿಟ್ಟೆಯ ಸೂಜಿ ಒತ್ತುತ್ತಿದ್ದ. ರೂತ್ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಅಂಕಿ ಎಣಿಸುತ್ತಿದ್ದಳು. ಎಣಿಕೆ ಮುಗಿಯುವ ತನಕ ಚೀರದಿದ್ದರೆ ಪೆಪ್ಪರಮಿಂಟು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಇಲ್ಲಿ ಇಲಿಗೂ ಪೆಪ್ಪರಮಿಂಟಿನ ಆಸೆ ಹುಟ್ಟಿಸಿದ್ದರು.

ನಿಂಗವ್ವ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಬಾಯಿಸಾಹೇಬರು ಬಂದರು. ಮಗನ ಕೈಗೆ ಫಟ್ಟನೆ ಹೊಡೆದು ಸೂಜಿ ಕಸಿದುಕೊಂಡರು. ಅಷ್ಟಾದರೆ ಒಳ್ಳೆಯದಿತ್ತು. ಮಾಯಿಯ ಕೈ ಹಿಡಿದು ಆ ರಕ್ತದ ಹನಿಯನ್ನು ನೋಡಿದರು, ಆಮೇಲೆ ಅವಳ ಒಣ ಕಣ್ಣು ನೋಡಿದರು. ಅವರ ಮುಖದ ಸಿಟ್ಟು ಇಳಿದು ಇನ್ನೇನೋ ಏರಿತು.

"ನಿನಗೆ ನೋವಾಗಲಿಲ್ಲವೇ?"

ಮಾಯಿ ಪೆಪ್ಪರಮಿಂಟಿನ ಡಬ್ಬಿ ನೋಡಿದಳು. "ಇಲ್ರಿ."

ಆ ವರ್ಷ ಪಾದ್ರಿಗಳ ಮನಸ್ಸಿನಲ್ಲೊಂದು ನಾಟಕವಿತ್ತು. ದೀಪಾವಳಿಯ ನಂತರ ಹಾದಿ ಒಣಗಿದ ಮೇಲೆ ಇಡೀ ಸಂಸಾರ ಮೋಟಾರು ಹತ್ತಿ ಖಾನಾಪುರದ ಸುತ್ತಿನ ಹಳ್ಳಿಗಳಿಗೆ ಹೋಗಬೇಕು, ಹೋದಲ್ಲೆಲ್ಲ ಮಕ್ಕಳೇ ಆಟ ಆಡಿ ತೋರಿಸಬೇಕು. ಯೇಸುಸ್ವಾಮಿ ಕುಷ್ಠ ಹಿಡಿದವಳನ್ನು ಮುಟ್ಟಿ ಗುಣಪಡಿಸುವ ಕಥೆ. ರೋಗಿಯ ಪಾರ್ಟು ರೂತ್‌ಗೆ ಕೊಟ್ಟಿದ್ದರು. ಮುಖಕ್ಕೆ ಅಂಟು ಬಳಿಯುತ್ತಲೇ ಅವಳು ಮನೆ ಹಾರಿಹೋಗುವ ಹಾಗೆ ಅತ್ತಿದ್ದಳು. ಈಗ ಬಾಯಿಸಾಹೇಬರು ಗಂಡನ ಕೋಣೆಗೆ ಓಡಿಹೋಗಿ, ದೇವರೇ ದಾರಿ ತೋರಿಸಿದ ಅಂದರು. ದೇವರಿಗೆ ಅವತ್ತು ಬೇರೆ ಕೆಲಸ ಇರಲಿಲ್ಲವೇನೋ.

ಆಟ ಹೀಗೆ. ಕುಷ್ಠ ಹಿಡಿದ ಚರ್ಮಕ್ಕೆ ಚುಚ್ಚಿದರೂ ನೋವು ತಿಳಿಯುವುದಿಲ್ಲವಲ್ಲ, ಜನಕ್ಕೆ ಅದನ್ನೇ ತೋರಿಸಬೇಕು. ಮಾಯಿಯ ಮುಖಕ್ಕೂ ಕೈಗೂ ಅಂಟು, ಅಕ್ಕಿಹಿಟ್ಟು, ಕೆಂಪು ಶಾಯಿ ಬಳಿದು ಹುಣ್ಣು ಮಾಡುವುದು. ಕಣ್ಣಿಗೆ ಬಟ್ಟೆ ಕಟ್ಟುವುದು. ಕ್ಯಾಲ್ವಿನ್ ಎಲ್ಲರೆದುರು ಅವಳ ಕೈಗೆ ಸೂಜಿ ಚುಚ್ಚಿ, "ನೋವಾಗತೈತೇನು?" ಎಂದು ಕೇಳಬೇಕು. ಅವಳು "ಇಲ್ರಿ" ಅನ್ನಬೇಕು. ಆಮೇಲೆ ಬಿಳಿ ಶಾಲು ಹೊದ್ದ ಪಾದ್ರಿಗಳು ಬಂದು ಅವಳ ತಲೆಯ ಮೇಲೆ ಕೈ ಇಡಬೇಕು. ಮತ್ತೆ ಸೂಜಿ. ಆಗ ಮಾತ್ರ ಅವಳು, "ಯವ್ವಾ, ನೋವಾತು! ನನಗ ನೋವಾತು!" ಎಂದು ಕೂಗಿ, ಎರಡೂ ಕೈ ಎತ್ತಿ ನಗಬೇಕು.

"ತಲೆಯ ಮೇಲೆ ಕೈ ಬೀಳುವ ಮೊದಲು ಅಳಕೂಡದು," ಬಾಯಿಸಾಹೇಬರು ನಿಂಗವ್ವನಿಗೆ ಹೇಳಿದರು. "ಅತ್ತರೆ ಆಟ ಕೆಡುವುದು. ಅಳದಿದ್ದರೆ ಬೋರ್ಡಿಂಗ್ ಖಂಡಿತ."

ಬೇಡ ಅನ್ನಲು ನಿಂಗವ್ವನಿಗೆ ಬಾಯಿರಲಿಲ್ಲವೇ? ಇತ್ತು. ಸಂತೆಯಲ್ಲಿ ಬದನೆಕಾಯಿಗೆ ಜಗಳ ತೆಗೆದರೆ ನಾಲ್ಕು ಅಂಗಡಿಯವರು ಕಿವಿ ಮುಚ್ಚಿಕೊಳ್ಳುವಂಥ ಬಾಯಿ. ಆದರೆ ಅವಳ ಕಣ್ಣೆದುರು ನೀಲಿ ಲಂಗದ ಸಾಲು ಹಾದುಹೋಯಿತು, ಬಾಯಿ ಮುಚ್ಚಿತು. ಮುಚ್ಚಿದ್ದಷ್ಟೇ ಅಲ್ಲ, ಮಗಳನ್ನು ತಯಾರು ಮಾಡುವ ಕೆಲಸವನ್ನೂ ತಾನೇ ಹೊತ್ತುಕೊಂಡಳು.

ಅವಳು ಬಿಡುವಾದಾಗ ಕೌದಿ ಹೊಲಿಯುತ್ತಿದ್ದಳು. ಹಳೇ ಸೀರೆ ಪದರಪದರವಾಗಿ ಹಾಸಿ ಹೊಲಿಯುವ ಆ ದಪ್ಪ ಸೂಜಿ ಸದಾ ಅವಳ ಕುಪ್ಪಸದ ಹೆಗಲಲ್ಲಿ ಸಿಕ್ಕಿಸಿರುತ್ತಿತ್ತು. ಸಂಜೆ ದೀಪ ಹಚ್ಚುವ ಮುಂಚೆ ಮೆಟ್ಟಿಲ ಮೇಲೆ ಮಗಳನ್ನು ಕೂರಿಸಿಕೊಂಡು ಅದನ್ನು ತೆಗೆಯುತ್ತಿದ್ದಳು. ಮೊದಲ ಸಂಜೆ ಮಾಯಿ ಚೀರಿದಳು. ಚೀರಿದ್ದಕ್ಕೆ ಬೆಲ್ಲ ಇಲ್ಲ. ಎರಡನೆಯ ಸಂಜೆಯೂ ಇಲ್ಲ. ಆಮೇಲಾಮೇಲೆ ಹುಡುಗಿ ಕಲಿತಳು. ಕಲಿತಷ್ಟೂ ತಾಯಿಯ ಪರೀಕ್ಷೆ ಬಿಗಿಯಾಯಿತು. ಸೂಜಿ ಒತ್ತುತ್ತ ಒತ್ತುತ್ತ ನಿಂಗವ್ವ ಪುಸಲಾಯಿಸುತ್ತಿದ್ದಳು:

"ಅಳು, ಅಳು ನೋಡೂಣು. ನನ್ನ ಬಂಗಾರ ಅಲ್ಲೇನು, ಒಂದ ಸಲ ಅತ್ತಬಿಡು. ಅವ್ವ ಹೇಳಾಕತ್ತಾಳ, ಅಳು!"

ಈ ಮಾತಿಗೆ ಮರುಳಾಗಿ ಅತ್ತರೆ ಸೋತಂತೆ. ಮಾಯಿ ಮರುಳಾಗುವುದನ್ನು ಬಿಟ್ಟಳು. ಅವ್ವ ಅಳು ಅಂದಷ್ಟೂ ಹಲ್ಲು ಕಚ್ಚಿ ನಗುತ್ತಿದ್ದಳು. "ಹುಲಿ ಐತಿ ನನ್ನ ಹುಲಿ!" ಎಂದು ನಿಂಗವ್ವ ಅವಳ ಬಾಯಿಗೆ ಬೆಲ್ಲ ತುರುಕುತ್ತಿದ್ದಳು. ಹೆತ್ತವಳು ಕಲಿಸಿದ ವಿದ್ಯೆ ಸಾಯುವ ತನಕ ಮರೆಯುವುದಿಲ್ಲ ಅನ್ನುತ್ತಾರೆ. ಸುಳ್ಳಲ್ಲ.

ಚಳಿಗಾಲ ಪೂರ್ತಿ ತಿರುಗಾಟ. ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ಡೇರೆ ಬಿತ್ತು. ಬೆಳಿಗ್ಗೆ ಮಾವಿನಮರದ ಕೆಳಗೆ ಗಣಿತ, ಬೈಬಲ್ಲು, ಎಲೆ ಒತ್ತಿ ಒಣಗಿಸುವುದು, ಮಧ್ಯಾಹ್ನ ಹೊಳೆಯಲ್ಲಿ ಈಜು, ಸಂಜೆ ಆಟ. ಪಾದ್ರಿಗಳು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಕಥೆ ಹೇಳುತ್ತಿದ್ದರು. ನಿಂಗವ್ವ ಒಲೆ ಬಿಟ್ಟು ಬಂದು ಜನರ ನಡುವೆ ಕೂತು, ಸೂಜಿಯ ಹೊತ್ತಿಗೆ ತಾನೇ ಉಸಿರು ಹಿಡಿಯುತ್ತಿದ್ದಳು. ಮಾಯಿ ಒಂದು ಸಲವೂ ಸೋಲಲಿಲ್ಲ. ಅವಳ "ಇಲ್ರಿ"ಗೆ ಜನ ಹಾ ಅನ್ನುತ್ತಿದ್ದರು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಬಾಯಿಸಾಹೇಬರು ಫೋಟೋ ತೆಗೆಯುತ್ತಿದ್ದರು.

ಆಟ ಮುಗಿದ ಮೇಲೆ ಬಣ್ಣ ಬಿಡಿಸಲು ಟರ್ಪೆಂಟೈನು, ಬಟ್ಟೆ, ಗಸಗಸ. ಎಡ ಮುಂಗೈಯ ಚರ್ಮ ಸುಲಿದು ಸುಲಿದು ಕೊನೆಗೆ ಅಲ್ಲಿ ಬೆಳ್ಳಗೆ ಒಂದು ಮಚ್ಚೆ ಕೂತಿತು.

ಚಪ್ಪಾಳೆಯೆಲ್ಲ ಮಾಯಿಗೆ ಬೀಳುವುದು ಕಂಡು ರೂತ್‌ಗೆ ಹೊಟ್ಟೆ ಉರಿ. ಅವಳೊಂದು ಹೊಸ ಆಟ ಹುಟ್ಟಿಸಿದಳು. ಮಾಯಿ ಮುಟ್ಟಿದವರಿಗೆ ರೋಗ. ಮುಟ್ಟಿಸಿಕೊಂಡವರು ಹೊಳೆಗೆ ಬಿದ್ದು ತೊಳೆದುಕೊಳ್ಳಬೇಕು. ಕ್ಯಾಲ್ವಿನ್, ರೂತ್, ಡೇರೆ ನೋಡಲು ಬಂದ ಊರ ಹುಡುಗರು ಎಲ್ಲ ಕಿರುಚುತ್ತ ಓಡುವರು. ಮಾಯಿಯೂ ನಗುತ್ತ ಬೆನ್ನು ಹತ್ತುವಳು. ಬಾಯಿಸಾಹೇಬರು ಕುರ್ಚಿಯಲ್ಲಿ ಕೂತು, ಮಕ್ಕಳು ಎಷ್ಟು ಬೇಗ ಒಂದಾಗುತ್ತಾರೆ ನೋಡಿ ಎಂದು ಪಾದ್ರಿಗಳಿಗೆ ತೋರಿಸಿದರು.

ಕೊನೆಯ ಆಟ ನಂದಗಡದ ಸಂತೆಯ ದಿನ. ನಿಂಗವ್ವನ ತವರೂರು. ಅಣ್ಣ ಲಕ್ಷ್ಮಪ್ಪನ ಹೆಂಡತಿ ಸಾವಂತ್ರವ್ವ ಉಳ್ಳಾಗಡ್ಡಿಯ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಎದುರಿಗೇ ನಿಂತು ಕಣ್ಣು ಪಿಳುಕಿಸದೆ ನೋಡಿದಳು. ಮರುದಿನ ಬೆಳಿಗ್ಗೆ ನಿಂಗವ್ವ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೆಮ್ಮೆಯಿಂದ ಹೋದರೆ, ಸಾವಂತ್ರವ್ವ ಹೊಸ್ತಿಲಿನ ಆಚೆಯೇ ತಡೆದಳು. ಮಾಯಿಗೆ ನೀರು ಬಂದದ್ದು ತೆಂಗಿನ ಚಿಪ್ಪಿನಲ್ಲಿ.

"ಇದೇನ ವೈನಿ, ಚಿಪ್ಪಿನ್ಯಾಗ ಕೊಡ್ತಿ?"

"ಮನ್ಯಾಗ ಸಣ್ಣ ಕೂಸು ಅದಾವ. ತಪ್ಪ ತಿಳೀಬ್ಯಾಡ. ಈ ದೊಡ್ಡ ಬ್ಯಾನಿ ನಿನ್ನ ಮಗಳಿಗೆ ಯಾವಾಗಿಂದ?"

ನಿಂಗವ್ವ ನಕ್ಕೇಬಿಟ್ಟಳು. "ಅಯ್ಯ, ಅದು ನಾಟಕ! ಹಿಟ್ಟು, ಶಾಯಿ ಬಳದಾರ."

"ಹಿಟ್ಟು ನನಗೂ ಗೊತ್ತಾಗತೈತಿ. ಸೂಜಿ ಖರೇನ ಚುಚ್ಚಿದ್ರಿಲ್ಲೋ? ರಕ್ತ ಬಂದದ್ದು ನನ್ನ ಕಣ್ಣಿಲೆ ನೋಡೀನಿ. ನೋವಾದ್ರ ಅಳದ ಕೂಸು ಲೋಕದಾಗ ಯಾವುದೈತಿ?"

"ಆಮ್ಯಾಲ ಅತ್ತಳಲ್ಲ, ಪಾದ್ರಿ ಕೈ ಇಟ್ಟಮ್ಯಾಲ! ಅದನ್ನ ನೋಡಲಿಲ್ಲೇನ?"

"ಅದು ನಾಟಕ ಬಿಡು," ಅಂದಳು ಸಾವಂತ್ರವ್ವ.

ಇಡೀ ಚಳಿಗಾಲ ಪಾದ್ರಿಗಳು ಊರೂರು ತಿರುಗಿ ಸಂಪಾದಿಸಿದ ಫಲ ಇಷ್ಟೇ. ಜನ ರೋಗವನ್ನು ನಂಬಿದರು, ಗುಣವಾದದ್ದನ್ನು ನಂಬಲಿಲ್ಲ. ಊರ ಬಾಯಿಗೆ ಬೀಗ ಹಾಕುವವರು ಯಾರು? ಸಂತೆಯಿಂದ ಸಂತೆಗೆ ಮಾತು ನಡೆಯಿತು. ನಿಂಗವ್ವ ಮಾತ್ರ, "ನಿನ್ನ ಬಾಯಾಗ ಮಣ್ಣ ಬೀಳಲಿ" ಎಂದು ಅತ್ತಿಗೆಯ ಮನೆಯ ಅಂಗಳಕ್ಕೆ ಉಗಿದು, ಬೋರ್ಡಿಂಗಿನ ಕನಸು ಕಾಣುತ್ತ ಬೆಳಗಾವಿಗೆ ಬಂದಳು.

ಮೇ ತಿಂಗಳಲ್ಲಿ ಬಂಗಲೆ ಖಾಲಿಯಾಯಿತು. ಕ್ಯಾಲ್ವಿನ್ ಚಿಟ್ಟೆಯ ಪೆಟ್ಟಿಗೆಯನ್ನು ಮಡಿಲಿನಿಂದ ಇಳಿಸಲಿಲ್ಲ. ರೂತ್ ತನ್ನ ಹಳೇ ಫ್ರಾಕು ಮಾಯಿಗೆ ಕೊಟ್ಟಳು. ನಿಂಗವ್ವ ಮಗಳ ಮುಂಗೈ ಮುಂದೆ ಹಿಡಿದು, "ಈ ಬಿಳೀ ಕಲೆ ಹೋಗವಲ್ದು ನೋಡ್ರಿ ಬಾಯಿಸಾಹೇಬ್ರ," ಅಂದಳು.

"ಕೊಬ್ಬರಿ ಎಣ್ಣೆ ಹಚ್ಚು. ಹೋಗುವುದು," ಅಂದರು ಅವರು. "ಬೋರ್ಡಿಂಗಿನವರಿಗೆ ನಾನು ಹೇಳಿದ್ದೇನೆ. ಜೂನಿನಲ್ಲಿ ಕರೆದುಕೊಂಡು ಹೋಗು. ಮಾಯಿ, ನಮ್ಮ ಊರಿನವರೆಲ್ಲ ನಿನ್ನ ಫೋಟೋ ನೋಡುವರು!" ಮಾಯಿಯ ಕೆನ್ನೆ ಹಿಂಡಿ ಮೋಟಾರು ಹತ್ತಿದರು. ಕೊಟ್ಟ ಮಾತು ಉಳಿಸಿಕೊಂಡ ಸಮಾಧಾನ ಅವರ ಮುಖದ ಮೇಲೆ ಹಾಗೇ ಇತ್ತು.

ಜೂನಿನ ಮೊದಲ ವಾರ ನಿಂಗವ್ವ ಮಗಳಿಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ರೂತ್‌ಳ ಫ್ರಾಕು ತೊಡಿಸಿ ಬೋರ್ಡಿಂಗಿಗೆ ಹೋದಳು. ಅಲ್ಲಿನ ಮೇಲ್ವಿಚಾರಕಿ ಕಾಂತಾಬಾಯಿ ಕೆಟ್ಟವಳಲ್ಲ. ಮಾಯಿಯ ಬಾಯಿಂದ ಇಂಗ್ಲಿಷ್ ಪದ್ಯ ಕೇಳಿ ಖುಷಿಪಟ್ಟಳು. ಆಮೇಲೆ ಅವಳ ಕಣ್ಣು ಮುಂಗೈಯ ಮೇಲೆ ಬಿತ್ತು.

"ನಿಂಗವ್ವಾ, ಕುಂದರು. ನಾ ಮುಚ್ಚಿ ಇಡೂದಿಲ್ಲ. ನಂದಗಡದ ಹುಡುಗ್ಯಾರು ನಮ್ಮಲ್ಲಿ ಅದಾರ. ಈಕಿ ಬರ್ತಾಳಂತ ತಿಳಿದ ಕೂಡ್ಲೆ ಅತ್ತ ಕರದ ಗದ್ದಲ ಮಾಡ್ಯಾರ, ಬಾಜೂಕ ಮಲಗೂದಿಲ್ಲಂತ. ನೀ ಒಂದ ಕೆಲಸ ಮಾಡು. ಡಾಕ್ಟರ ಕಡೆ ತೋರಿಸಿ, ಬ್ಯಾನಿ ಇಲ್ಲಂತ ಚೀಟಿ ತಗೊಂಡ ಬಾ. ನಾಳಿ ಸಂಜೀತನಕ ಜಾಗಾ ಹಿಡದಿರ್ತೀನಿ. ಆಮ್ಯಾಲ ನನ್ನ ಕೈಯಾಗ ಇಲ್ಲ."

ನಿಂಗವ್ವನಿಗೆ ನಗು ಬಂತು. ಇಷ್ಟೇ ತಾನೇ! ಇಲ್ಲದ ರೋಗವನ್ನು ಇಲ್ಲ ಅನ್ನಲು ಡಾಕ್ಟರಿಗೆ ಎಷ್ಟು ಹೊತ್ತು? ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಊರಾಚೆಯ ಕುಷ್ಠದ ದವಾಖಾನೆಗೆ ನಡೆದಳು. ಹಾದಿಯುದ್ದಕ್ಕೂ ಹೇಳಿದ್ದು ಒಂದೇ ಮಾತು:

"ನೋಡವ್ವ, ಇವತ್ತ ಡಾಕ್ಟರ ಮುಂದ ಶಾಣ್ಯಾಕಿ ಹಂಗ ಇರಬೇಕು. ಇವತ್ತ ಛಲೋ ಆತಂದ್ರ ಬೋರ್ಡಿಂಗು."

"ಆತು," ಅಂದಳು ಮಾಯಿ. ಅವಳಿಗೆ ಎಲ್ಲ ತಿಳಿದಿತ್ತು.

ಡಾಕ್ಟರು ವಯಸ್ಸಾದವರು, ಮಿತಭಾಷಿ. ಮಾಯಿಯ ಮುಂಗೈ ತಿರುಗಿಸಿ ತಿರುಗಿಸಿ ನೋಡಿದರು. ನಿಂಗವ್ವನನ್ನು ಹೊರಗೆ ನಿಲ್ಲಲು ಹೇಳಿ ಬಾಗಿಲು ಮುಂದೆ ಮಾಡಿಕೊಂಡರು. ಹೊರಗೆ ಬೆಂಚಿನ ಮೇಲೆ ಬೆರಳಿಲ್ಲದ ಮುದುಕನೊಬ್ಬ ಬೀಡಿ ಸೇದುತ್ತ ಕೂತಿದ್ದ. ನಿಂಗವ್ವ ಸೆರಗು ಎಳೆದುಕೊಂಡು ದೂರ ನಿಂತಳು. ಒಳಗಿಂದ ಡಾಕ್ಟರರ ಮಾತು ಕೇಳಿಸಿತು.

"ಕಣ್ಣಿಗೆ ಅರಿವಿ ಕಟ್ಟತೀನಿ, ಅಂಜಬ್ಯಾಡ. ಹಾಂ. ನೋವಾಗತೈತೇನು?"

"ಇಲ್ರಿ."

"ಇಲ್ಲಿ? ನೋವಾಗತೈತೇನು?"

"ಇಲ್ರಿ."

ನಿಂಗವ್ವ ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದಳು. ಮಾಯಿ ಸ್ಟೂಲಿನ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಡಾಕ್ಟರರ ಕೈಯಲ್ಲಿ ಸೂಜಿ.

"ಸುಳ್ರೀ! ಸುಳ್ಳ ಹೇಳಾಕತ್ತಾಳ್ರಿ! ಆಕಿಗೆ ನೋವಾಗತೈತ್ರಿ! ನಾಟಕದಾಗ ಪಾರ್ಟು ಮಾಡ್ಯಾಳ್ರಿ, ಅಳಬ್ಯಾಡಂತ ನಾನ ಕಲಿಸೀನ್ರಿ, ಯಪ್ಪಾ, ನಿಮ್ಮ ಕಾಲ ಬೀಳ್ತೀನಿ!"

ಡಾಕ್ಟರು ಬೇಸರದಿಂದ ನೋಡಿದರು. ಇಂಥ ಕಾಲು ಬೀಳುವುದನ್ನು ಅವರು ದಿನಾ ಕಾಣುವವರು. ಪ್ರತಿ ತಾಯಿಗೂ ಒಂದು ಕಥೆ ಇರುತ್ತದೆ. ಆದರೂ ನ್ಯಾಯವಂತರು. ಕಣ್ಣಿನ ಬಟ್ಟೆ ಬಿಚ್ಚಿ, "ಹಂಗಾರ ನೀನ ಅಳಿಸು ನೋಡೂಣು," ಅಂದರು.

ನಿಂಗವ್ವ ಕುಪ್ಪಸದಿಂದ ಕೌದಿಯ ಸೂಜಿ ಕಿತ್ತಳು. ಒಂದು ಕೈಯಲ್ಲಿ ಮಗಳ ಮುಂಗೈ, ಒಂದು ಕೈಯಲ್ಲಿ ಸೂಜಿ. ಬಿಳಿ ಮಚ್ಚೆಯ ನಟ್ಟನಡುವೆ ಒತ್ತಿದಳು.

"ಅಳು, ನನ್ನ ಬಂಗಾರ! ಅತ್ತಬಿಡು! ಅವ್ವ ಹೇಳಾಕತ್ತಾಳ, ಅಳು!"

ಅವ್ವನ ಸೂಜಿ, ಅವ್ವನ ಮಾತು. ಮಾಯಿಗೆ ಗುರುತು ಸಿಕ್ಕಿತು. ಇಷ್ಟು ದೊಡ್ಡ ಪರೀಕ್ಷೆಯಲ್ಲೂ ಅವ್ವ ಮೋಸದಿಂದ ಸೋಲಿಸಲು ನೋಡುತ್ತಿದ್ದಾಳೆ, ಎಂಥ ಅವ್ವ! ಹಲ್ಲು ಕಚ್ಚಿ, ಕಣ್ಣರಳಿಸಿ ನಕ್ಕಳು. ನಿಂಗವ್ವ ಇನ್ನೂ ಆಳಕ್ಕೆ ಒತ್ತಿದಳು. ರಕ್ತ ಮೊಣಕೈಯ ತನಕ ಇಳಿದು ರೂತ್‌ಳ ಫ್ರಾಕಿನ ಮೇಲೆ ತೊಟ್ಟಿಕ್ಕಿತು. ತಾಯಿ ಬೋರಾಡಿ ಅಳುತ್ತಿದ್ದಳು, ಮಗಳು ಅಳಲಿಲ್ಲ.

"ಸಾಕು," ಅಂದು ಡಾಕ್ಟರು ಸೂಜಿ ಕಸಿದುಕೊಂಡರು. ಮೇಜಿಗೆ ಹೋಗಿ ಬರೆಯತೊಡಗಿದರು.

ನಿಂಗವ್ವನ ಕೈಗಳು ಈಗ ಖಾಲಿಯಾದವು. ನೆಲಕ್ಕೆ ಕುಸಿದು ಮಗಳನ್ನು ಅಪ್ಪಿಕೊಂಡಳು, ಒಂದು ಅಂಗೈ ಮಗಳ ತಲೆಯ ಮೇಲೆ ಬಿತ್ತು.

ತಲೆಯ ಮೇಲೆ ಕೈ! ಮಾಯಿ ಅಷ್ಟಕ್ಕೇ ಕಾಯುತ್ತಿದ್ದಳು. ತಟ್ಟನೆ ಎದ್ದು ನಿಂತು, ಖಾನಾಪುರದ ಹೊಳೆದಂಡೆಯ ಜನಕ್ಕೆಲ್ಲ ಕೇಳಿಸುವ ಹಾಗೆ ಕೂಗಿದಳು.

"ಯವ್ವಾ, ನೋವಾತು! ನನಗ ನೋವಾತು!"

ಎರಡೂ ಕೈ ಎತ್ತಿ ನಕ್ಕಳು. ಕಣ್ಣಲ್ಲಿ ನಿಜವಾದ ನೀರು ದಳದಳ ಇಳಿಯುತ್ತಿತ್ತು. ಹಿಡಿದಿಟ್ಟ ನೋವೆಲ್ಲ ಈಗ ಬಂದಿತ್ತು.

"ಕೇಳ್ರಿ! ಕೇಳಿದ್ರಿಲ್ರಿ!" ನಿಂಗವ್ವ ಡಾಕ್ಟರರತ್ತ ತೆವಳಿದಳು.

ಡಾಕ್ಟರು ತಲೆಯೆತ್ತಿ ಆ ಎತ್ತಿದ ಕೈಗಳನ್ನು, ಆ ನಗುವನ್ನು ಒಂದು ಗಳಿಗೆ ನೋಡಿದರು.

"ಇದು ನಾಟಕ," ಅಂದರು. "ಹುಡುಗಿಗೆ ಇದನ್ನ ಕಲಿಸಬಾರದಿತ್ತು ನೀನು." ಕಂಪೌಂಡರನಿಗೆ ಮುಂದಿನವರನ್ನು ಕಳಿಸಲು ಹೇಳಿದರು. ಬೆರಳಿಲ್ಲದ ಮುದುಕ ಒಳಗೆ ಬಂದು, ನೆಲದ ಮೇಲಿದ್ದ ನಿಂಗವ್ವನಿಗೆ ತಗಲದ ಹಾಗೆ ಸುತ್ತಿ ಹಾದು ಹೋದ.

ಮಾಯಿ ಫ್ರಾಕಿನ ಅಂಚಿನಿಂದ ಮೂಗು ಒರೆಸಿಕೊಂಡಳು. ಚಪ್ಪಾಳೆ ಯಾಕೆ ಬರಲಿಲ್ಲವೆಂದು ಒಮ್ಮೆ ಸುತ್ತ ನೋಡಿದಳು. ಆಮೇಲೆ ಅವ್ವನ ಕಿವಿಯ ಹತ್ತಿರ ಬಗ್ಗಿ ಕೇಳಿದಳು:

"ಅವ್ವಾ, ಕೈ ಇಡೂತನಕ ಅಳಲಿಲ್ಲ ನೋಡು. ಈಗ ಬೋರ್ಡಿಂಗಿಗೆ ಹೋಗೂಣೇನು?"